ಕೇಳಿ, ಹೇಳ್ತೇನೆ: ರಾಜನ ಸಹಿ ಇರೋ ಕಾಗದದಲ್ಲಿ ಎರಡು ಇಸವಿ

ಪ್ರಶ್ನೆ: ಪ್ಯಾರಿಸ್‌ನಲ್ಲಿ ಕೆಲಸದಲ್ಲಿರುವ ನನ್ನ ಮಗ ಹರಾಜಿನಲ್ಲಿ ಒಂದು ಹಳೇ ಕಾಗದ ಕೊಂಡು ತಂದಿದ್ದಾನೆ. ಫ್ರಾನ್ಸಿನ ರಾಜ ಒಂಬತ್ತನೇ ಚಾರ್ಲ್ಸ್‌ನ ಸಹಿ ಇದೆ. ಅದರ ಕೆಳಗೆ ರೊಬೆರ್ತೆ ಅಂತ ಇನ್ನೊಂದು ಸಹಿ. ಒಬ್ಬ ಕ್ಯಾಪ್ಟನ್‌ನ ಸೈನಿಕರಿಗೆ ಸಂಬಳ ಕೊಡಿ ಅನ್ನೋ ಆದೇಶವಂತೆ. ಕಾಗದದಲ್ಲಿ 1562ರ ಜನವರಿ ಅಂತಿದೆ, ಮಾರಿದವರ ಚೀಟಿಯಲ್ಲಿ 1563 ಅಂತಿದೆ. ಮೋಸ ಹೋದ್ವಾ? ಫ್ರೇಮ್ ಹಾಕಿಸಿ ಹಾಲ್‌ನಲ್ಲಿ ತೂಗುಹಾಕಬಹುದಾ?
— ಓದುಗರು, ಸೋಮವಾರಪೇಟೆ

ಉತ್ತರ: ಇಸವಿ ವಿಷಯದಲ್ಲಂತೂ ಮೋಸ ಇಲ್ಲ. ಎರಡೂ ಸರಿ. ಆ ಕಾಲದಲ್ಲಿ ಫ್ರಾನ್ಸಿನ ರಾಜರ ಕಚೇರಿಯಲ್ಲಿ ವರ್ಷ ಬದಲಾಗುತ್ತಿದ್ದದ್ದು ಜನವರಿ 1ಕ್ಕಲ್ಲ, ಈಸ್ಟರ್‌ಗೆ. ನಮ್ಮ ಕೊಡವರಿಗೆ ಎಡಮ್ಯಾರ್ ತಿಂಗಳ ಒಂದಕ್ಕೆ ಹೊಸ ವರ್ಷ ಅಲ್ವಾ, ಹಾಗೇ. ಆದರೆ ಎಡಮ್ಯಾರ್ ಏಪ್ರಿಲ್ ನಡುವಲ್ಲೇ ಬರುತ್ತದೆ. ಈಸ್ಟರ್ ಮಾರ್ಚ್ ಕೊನೆಗೂ ಬಂದೀತು, ಏಪ್ರಿಲ್ ಕೊನೆಗೂ ಬಂದೀತು. ಗುಮಾಸ್ತರ ಪಾಡು ಏನಾಗಿರಬೇಡ! ಹೀಗಾಗಿ ಅವರು 1562ರ ಜನವರಿ ಅಂತ ಬರೆದದ್ದು ನಮ್ಮ ಲೆಕ್ಕಕ್ಕೆ 1563ರ ಜನವರಿ. ಈ ಗೊಂದಲ ತೆಗೆದದ್ದೂ ಇದೇ ಚಾರ್ಲ್ಸ್. 1564ರಲ್ಲಿ ರೂಸಿಯೋಂ ಎಂಬ ಊರಿನಿಂದ ಹೊರಟ ಶಾಸನದಲ್ಲಿ ವರ್ಷ ಜನವರಿ 1ಕ್ಕೇ ಶುರು ಅಂತಾಯಿತು. ಪ್ಯಾರಿಸ್‌ನ ನ್ಯಾಯಾಲಯ ಅದನ್ನು ಪಾಲಿಸಿದ್ದು 1567ರಿಂದ.

ನಾನು ಕಾಲೇಜಿನಲ್ಲಿ ಪಾಠ ಮಾಡುವಾಗ ಒಂಬತ್ತನೇ ಚಾರ್ಲ್ಸ್ ಅಂದರೆ ಹುಡುಗರು 1572ರಲ್ಲಿ ಪ್ರಾಟೆಸ್ಟಂಟರನ್ನು ಕೊಂದ ಸೇಂಟ್ ಬಾರ್ತಲೋಮ್ಯೂ ಹತ್ಯಾಕಾಂಡ ಒಂದನ್ನೇ ಒಪ್ಪಿಸುತ್ತಿದ್ದರು. ಆಳು ಅದೇ, ಆದರೆ ನಿಮ್ಮ ಕಾಗದದ ಚಾರ್ಲ್ಸ್ ಇನ್ನೂ ಹುಡುಗ. ಅವನು ಹುಟ್ಟಿದ್ದು 1550ರ ಜೂನ್ 27ಕ್ಕೆ. ಹತ್ತು ವರ್ಷಕ್ಕೆ ಪಟ್ಟ. ಈ ಕಾಗದದ ಹೊತ್ತಿಗೆ ಹನ್ನೆರಡೂವರೆ, ನಮ್ಮಲ್ಲಾದರೆ ಏಳನೇ ಕ್ಲಾಸು. ರಾಜ್ಯ ನಡೆಸುತ್ತಿದ್ದದ್ದು ತಾಯಿ ಕ್ಯಾಥರೀನ್ ದ ಮೆಡಿಚಿ. 'ನಮ್ಮ ತಾಯಿ ರಾಣಿಯವರ ಸಲಹೆಯಂತೆ' ಅನ್ನೋ ಥರದ ಸಾಲು ಇದೆಯಾ ಅಂತ ಮಗನಿಗೆ ಹುಡುಕಲು ಹೇಳಿ. ಆಗಿನ ಎಷ್ಟೋ ಆದೇಶಗಳಲ್ಲಿ ಅದು ಸಿಗುತ್ತದೆ.

ಆ ಜನವರಿ ಎಂಥದ್ದು ಗೊತ್ತಾ? ಹಿಂದಿನ ವರ್ಷ, ಅಂದರೆ ನಮ್ಮ ಲೆಕ್ಕದ 1562ರ ಜನವರಿಯಲ್ಲಿ ಪ್ರಾಟೆಸ್ಟಂಟರಿಗೆ ಊರ ಗೋಡೆಯ ಹೊರಗೆ ಪ್ರಾರ್ಥನೆ ಮಾಡಲು ಅನುಮತಿ ಕೊಟ್ಟಿದ್ದರು. ಮಾರ್ಚ್ 1ಕ್ಕೆ ವಾಸ್ಸಿ ಎಂಬಲ್ಲಿ ಒಂದು ಕೊಟ್ಟಿಗೆಯಲ್ಲಿ ಪ್ರಾರ್ಥನೆಗೆ ಸೇರಿದ್ದವರನ್ನು ಕ್ಯಾಥೊಲಿಕರ ಮುಖಂಡ ಗೀಸ್ ಡ್ಯೂಕ್‌ನ ಆಳುಗಳು ಕೊಂದರು. ಅಲ್ಲಿಂದ ಹೊತ್ತಿಕೊಂಡ ಅಂತರ್ಯುದ್ಧ ಒಂದಲ್ಲ, ಎಂಟು. ಪ್ರಾಟೆಸ್ಟಂಟರಿಗೆ ಹಕ್ಕು ಕೊಟ್ಟ 1598ರ ನಾಂಟ್ ಶಾಸನದ ತನಕ ಎಳೆಯಿತು. ನಿಮ್ಮ ಕಾಗದ ಮೊದಲನೇ ಯುದ್ಧದ್ದು. ಡಿಸೆಂಬರ್ 19ಕ್ಕೆ ಡ್ರೂ ಎಂಬಲ್ಲಿ ಎರಡೂ ಕಡೆಯವರ ಕದನ ಮುಗಿದಿತ್ತು. ಫೆಬ್ರವರಿ 18ಕ್ಕೆ ಅದೇ ಗೀಸ್ ಡ್ಯೂಕ್‌ಗೆ ಗುಂಡು ಬಿತ್ತು, ಆರು ದಿನಕ್ಕೆ ಸತ್ತ. ಈ ಎರಡರ ನಡುವೆ ಯಾರೋ ಕ್ಯಾಪ್ಟನ್ ಸಂಬಳಕ್ಕೆ ಕಾಯುತ್ತಿದ್ದಾನೆ. ನನಗೆ ದೊಡ್ಡ ದೊಡ್ಡ ಶಾಸನಗಳಿಗಿಂತ ಇಂಥ ಸಂಬಳದ ಚೀಟಿಯೇ ಇಷ್ಟ. ಧರ್ಮದ ಹೆಸರಲ್ಲಿ ಯುದ್ಧ ಅಂದರೂ ತಿಂಗಳ ಕಾಸು ಸಿಗದಿದ್ದರೆ ಯಾರೂ ಕುದುರೆ ಹತ್ತುತ್ತಿರಲಿಲ್ಲ.

ಇನ್ನು ಸಹಿ. ರೊಬೆರ್ತೆ ಅನ್ನೋದು ರಾಜ್ಯ ಕಾರ್ಯದರ್ಶಿಯದು. ಆ ಮನೆತನದವರು ಆಗ ಆ ಹುದ್ದೆಯಲ್ಲಿದ್ದರು. 'ಚಾರ್ಲ್ಸ್' ಮಾತ್ರ ಹುಡುಗ ಬರೆದದ್ದೋ, ಅವನ ಕೈಬರಹದಂತೆ ಕಾರ್ಯದರ್ಶಿ ಬರೆದದ್ದೋ ನೋಡಬೇಕು. ದಿನನಿತ್ಯದ ಕಾಗದಗಳಿಗೆ ಹೀಗೆ ಸಹಿ ಹಾಕುವ ರೂಢಿ ಇತ್ತು, ಅದು ಫೋರ್ಜರಿ ಅಲ್ಲ. ಕಾಗದದ ಬೆಲೆ ಮಾತ್ರ ಇಳಿಯುತ್ತದೆ. ಚೀಟಿಯಲ್ಲಿ ಯಾರ ಸಹಿ ಅಂತ ಬರೆದಿದ್ದಾರೆ ನೋಡಿ. 'ರಾಜನ ಸ್ವಂತ ಕೈ' ಅಂತ ಹೇಳಿ ದುಡ್ಡು ತಗೊಂಡಿದ್ದರೆ ಆಧಾರ ಕೇಳಿ.

ಫ್ರೇಮ್? ದಯವಿಟ್ಟು ಬೇಡ. ಆ ಶಾಯಿ ಏನು ಗೊತ್ತಾ, ಮಕ್ಕಳಿಗೆ ತೇದು ಕೊಡುತ್ತೀವಲ್ಲ ಮಾಚಿಕಾಯಿ, ಅದಕ್ಕೆ ಅನ್ನಭೇದಿ ಅನ್ನೋ ಕಬ್ಬಿಣದ ಲವಣ ಮತ್ತು ಗೋಂದು. ಬರೆದಾಗ ಮಾಸಲು, ಗಾಳಿ ತಾಗಿದ ಮೇಲೆ ಕಪ್ಪು, ವರ್ಷಗಳು ಕಳೆದಂತೆ ಕಂದು. ಆ ಶಾಯಿಯ ಆಮ್ಲ ಕಾಗದವನ್ನೇ ತಿನ್ನುತ್ತದೆ. ದಪ್ಪ ಗೆರೆ ಇರುವ ಕಡೆ ಹಿಂಬದಿ ತಿರುಗಿಸಿ ನೋಡಿ, ಕಂದು ಕಲೆ ಇಳಿದಿರುತ್ತದೆ, ಕೆಲವು ಕಡೆ ತೂತೇ ಬಿದ್ದಿರುತ್ತದೆ. ತೇವ ಸೇರಿದರೆ ಇದು ಇನ್ನೂ ಜೋರು. ಕಕ್ಕಡದ ಮಳೆಯಲ್ಲಿ ಸೋಮವಾರಪೇಟೆ ಗೋಡೆಗಳು ಹೇಗಿರುತ್ತವೆ ಅಂತ ನಾನು ಹೇಳಬೇಕಾ? ಬೂಸ್ಟು ಮೊದಲು ಬರುವುದೇ ಫ್ರೇಮಿನ ಹಿಂದೆ. ಆಮ್ಲವಿಲ್ಲದ ಕಾಗದದ ಮಡಿಕೆಯಲ್ಲಿಟ್ಟು, ಸಿಲಿಕಾ ಜೆಲ್ ಜೊತೆ ಮುಚ್ಚಳ ಬಿಗಿಯಾದ ಡಬ್ಬದಲ್ಲಿ, ಒಳಗೋಡೆಯ ಬೀರುವಿನಲ್ಲಿಡಿ. ಜೆಲ್ ಬಣ್ಣ ತಿರುಗಿದಾಗ ಬಿಸಿ ಮಾಡಿ ಒಣಗಿಸಿ. ಹಾಲ್‌ಗೆ ಬಣ್ಣದ ಪ್ರತಿ ಸಾಕು, ನೆಂಟರಿಗೆ ವ್ಯತ್ಯಾಸ ಗೊತ್ತಾಗಲ್ಲ. ಸೆಲ್ಲೋಟೇಪ್ ಅಂಟಿಸಬೇಡಿ. ಪೇಟೆಯಲ್ಲಿ ಯಾರಾದರೂ ಲ್ಯಾಮಿನೇಶನ್ ಮಾಡಿಕೊಡ್ತೀನಿ ಅಂದರೆ ಕಾಗದ ಜೇಬಿಗೆ ಹಾಕಿ ಮನೆಗೆ ಬನ್ನಿ.