ಪೆನ್ಸಿಲ್ವೇನಿಯಾದ ಹಳ್ಳಿ ಮನೆಯ ಬೇಲಿ, ಮರಗಳಿಗೆ ಹಬ್ಬಿರುವ ಮೂರೆಲೆ ಬಳ್ಳಿ, ಮುಟ್ಟಿದರೆ ಮೈಗೆ ತುರಿಕೆ, ಗುಳ್ಳೆ ತರುವ ಪಾಯ್ಸನ್ ಐವಿಯೇ? ಓಕ್ ಮರದ ಮೇಲಿನದಕ್ಕೆ ಮೈತುಂಬ ಕಂದು ಕೂದಲಿದೆ. ತೆಗೆಯುವುದು ಹೇಗೆ?

ಓಕ್ ಮರಕ್ಕೆ ಅಂಟಿದ ಬಳ್ಳಿಯ ಮೈತುಂಬ ಕಂದು ಕೂದಲು ಎಂದಿದ್ದೀರಲ್ಲ, ಮೂರೆಲೆಗಿಂತ ಅದೇ ಗಟ್ಟಿ ಗುರುತು. ಅದು ಬಹುಮಟ್ಟಿಗೆ ಪಾಯ್ಸನ್ ಐವಿಯೇ. ಆ ಕೂದಲು ತೊಗಟೆ ಹಿಡಿದುಕೊಳ್ಳುವ ಬೇರುಗಳು.

ಬೇಲಿಯಲ್ಲಿರುವುದಕ್ಕೆ ಎಲೆ ನೋಡಬೇಕು. ಬಿಲ್ವಪತ್ರೆಯ ಹಾಗೆ ನಡುವಿನ ಎಲೆಗೆ ಉದ್ದ ತೊಟ್ಟು, ಪಕ್ಕದ ಎರಡಕ್ಕೆ ಇದ್ದೂ ಇಲ್ಲದಂಥ ತೊಟ್ಟು. ಮುಳ್ಳು ಎಲ್ಲೂ ಇರುವುದಿಲ್ಲ; ಮುಳ್ಳಿದ್ದರೆ ಬ್ಲ್ಯಾಕ್‌ಬೆರಿ ಜಾತಿ. ಐದೆಲೆಯದು ವರ್ಜೀನಿಯಾ ಕ್ರೀಪರ್ ಎಂಬ ಬೇರೆ ಬಳ್ಳಿ, ಆದರೆ ಅದರ ಎಳೆ ಕುಡಿಯಲ್ಲಿ ಮೂರೇ ಇರುವುದೂ ಉಂಟು, ಹಾಗಾಗಿ ಅದೇ ಬಳ್ಳಿಯ ಬಲಿತ ಎಲೆಗಳನ್ನೂ ನೋಡಿ. ಹೆಚ್ಚು ಮೋಸ ಹೋಗುವುದು ಬಾಕ್ಸ್ ಎಲ್ಡರ್ ಎಂಬ ಮೇಪಲ್ ಜಾತಿಯ ಮರದ ಸಸಿಯಲ್ಲಿ. ಅದರ ಎಲೆಗಳು ದಂಟಿನ ಮೇಲೆ ಎದುರುಬದುರು ಜೋಡಿಯಾಗಿ ಬರುತ್ತವೆ. ಐವಿಯಲ್ಲಿ ಆಚೆಗೊಂದು, ಸ್ವಲ್ಪ ಮೇಲೆ ಈಚೆಗೊಂದು.

ಗುಳ್ಳೆ ಏಳಿಸುವುದು ಸೊನೆಯಲ್ಲಿರುವ ಉರುಶಿಯಾಲ್ ಎಂಬ ಎಣ್ಣೆ. ಮಾವು, ಗೇರು ಇದೇ ಕುಟುಂಬದವು. ಮಾವಿನ ಸೊನೆಗೆ ಬಾಯಿ ಸುತ್ತ ಬೊಬ್ಬೆ ಬರುವವರು ಈ ಕೆಲಸವನ್ನು ಬೇರೆಯವರಿಗೆ ಬಿಡುವುದು ಒಳ್ಳೆಯದು. ಎಲೆ ಉದುರಿದ ಚಳಿಗಾಲದ ಬಳ್ಳಿಯಲ್ಲೂ, ಸತ್ತು ಒಣಗಿದ್ದರಲ್ಲೂ, ಬೇರಿನಲ್ಲೂ ಈ ಎಣ್ಣೆ ಇರುತ್ತದೆ. ಆದ್ದರಿಂದ ಸುಡಲೇಬೇಡಿ, ಹೊಗೆಯ ಜೊತೆ ಶ್ವಾಸಕೋಶಕ್ಕೆ ಹೋಗುತ್ತದೆ. ದಾರ ತಿರುಗಿಸಿ ಹುಲ್ಲು ಕತ್ತರಿಸುವ ಸ್ಟ್ರಿಂಗ್ ಟ್ರಿಮ್ಮರ್ ಬಳಸಿದರೆ ಸೊನೆ ಮೈಗೆಲ್ಲ ಎರಚುತ್ತದೆ. ಕಾಂಪೋಸ್ಟಿಗೂ ಹಾಕಬೇಡಿ, ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕಸಕ್ಕೆ ಕೊಡಿ.

ಮರದ ಮೇಲಿನದನ್ನು ಎಳೆದು ಕೀಳುವ ಆಸೆ ಬಿಡಿ, ಮುಖದ ಮೇಲೇ ಬೀಳುತ್ತದೆ. ನೆಲದಿಂದ ನಾಲ್ಕಾರು ಇಂಚು ಮೇಲೆ ಕೈಗರಗಸದಿಂದ ಕೊಯ್ದು, ಅದರ ಮೇಲೆ ಇನ್ನೊಮ್ಮೆ ಕೊಯ್ದು ನಡುವಿನ ತುಂಡನ್ನು ತೆಗೆಯಿರಿ. ಬುಡದ ಹಸಿ ಕೊಯ್ತಕ್ಕೆ ಕೆಲವೇ ನಿಮಿಷಗಳೊಳಗೆ ಶೇ. 41ರ ಗ್ಲೈಫೋಸೇಟ್ ಎಂಬ ಕಳೆನಾಶಕವನ್ನು ನೀರು ಬೆರೆಸದೆ ಸ್ಪಂಜಿನ ಕುಂಚದಿಂದ ಹಚ್ಚಿ. ತಡವಾದರೆ ಕೊಯ್ತ ಒಣಗಿ ಔಷಧಿ ಬೇರಿಗೆ ಇಳಿಯುವುದಿಲ್ಲ, ಬುಡ ಮತ್ತೆ ಚಿಗುರುತ್ತದೆ. ಓಕ್ ತೊಗಟೆಗೆ ಗಾಯವಾಗದಿರಲಿ. ಮೇಲಿನ ಭಾಗ ಅಲ್ಲೇ ಒಣಗಲಿ.

ಬೇಲಿಯ ಸಣ್ಣ ಗಿಡಗಳನ್ನು ಮಳೆ ಬಂದು ಮಣ್ಣು ಮೆದುವಾದಾಗ ಬೇರುಸಮೇತ ಕೀಳಬಹುದು. ಬೇರು ನೆಲದಡಿ ಅಡ್ಡಡ್ಡ ಹರಿದಿರುತ್ತದೆ, ತುಂಡು ಉಳಿದಲ್ಲಿ ಚಿಗುರು ಗ್ಯಾರಂಟಿ. ಲೇಟೆಕ್ಸ್ ಗ್ಲೌಸ್ ಬೇಡ, ಎಣ್ಣೆ ಅದರ ಮೂಲಕ ಒಳಕ್ಕೆ ಬರುತ್ತದೆ. ಮೊಣಕೈವರೆಗೆ ಬರುವ ದಪ್ಪ ನೈಟ್ರೈಲ್ ಅಥವಾ ವಿನೈಲ್ ಹಾಕಿ.

ದಟ್ಟವಾಗಿ ಹಬ್ಬಿದ್ದರೆ ಎಲೆಗೆ ಸಿಂಪಡಿಸಿ. ಶೇ. 41ರ ಗ್ಲೈಫೋಸೇಟ್ ಆದರೆ ಗ್ಯಾಲನ್ ನೀರಿಗೆ ಎರಡೂವರೆ ಔನ್ಸ್. ಇದು ಹುಲ್ಲನ್ನೂ ಕೊಲ್ಲುತ್ತದೆ, ಹುಲ್ಲು ಉಳಿಯಬೇಕಿದ್ದರೆ ಟ್ರೈಕ್ಲೋಪೈರ್ ಇರುವ ಬ್ರಷ್ ಕಿಲ್ಲರ್ (ಪೊದೆ, ಬಳ್ಳಿ ಕೊಲ್ಲುವ ಕಳೆನಾಶಕ) ತನ್ನಿ, ಪ್ರಮಾಣ ಡಬ್ಬಿಯ ಮೇಲಿದ್ದಂತೆ. ಎಲೆ ಪೂರ್ತಿ ಬಿಟ್ಟ ಮೇಲೆ, ಕೆಂಪಾಗುವ ಮುಂಚೆ, ಗಾಳಿ ಮಳೆ ಇಲ್ಲದ ದಿನ ಹೊಡೆಯಿರಿ. ಮೊದಲು ಕತ್ತರಿಸಿ ಆಮೇಲೆ ಸಿಂಪಡಿಸುವವರೇ ಹೆಚ್ಚು; ಎಲೆಯೇ ಇಲ್ಲದಿದ್ದರೆ ಔಷಧಿ ಇಳಿಯುವುದೆಲ್ಲಿಂದ? ಹೊಡೆದ ಮೇಲೂ ಎರಡು ವಾರ ಮುಟ್ಟಬೇಡಿ. ಆಡು ಬಿಟ್ಟು ಮೇಯಿಸಿ ಎನ್ನುವವರು ಸಿಗುತ್ತಾರೆ. ಅದು ಮೇಯುವುದೇನೋ ನಿಜ, ಆದರೆ ಬೇರು ಉಳಿಯುತ್ತದೆ, ಎಣ್ಣೆ ಆಡಿನ ಮೈಗೆ ಹತ್ತಿ ನಿಮ್ಮ ಕೈಗೆ ಬರುತ್ತದೆ. ನಾಯಿಯದ್ದೂ ಇದೇ ಕತೆ.

ಕೆಲಸ ಮುಗಿದ ತಕ್ಷಣ, ಹತ್ತು ನಿಮಿಷದೊಳಗಾದರೆ ಒಳಿತು, ಪಾತ್ರೆ ತೊಳೆಯುವ ಸೋಪಿನಿಂದ ಒರಟು ಬಟ್ಟೆಯಲ್ಲಿ ಉಜ್ಜಿ ತಣ್ಣೀರಲ್ಲಿ ತೊಳೆಯಿರಿ. ಬರೀ ನೀರು ಸುರಿದರೆ ಎಣ್ಣೆ ಹೋಗುವುದಿಲ್ಲ. ಗರಗಸ, ಕತ್ತರಿಗಳನ್ನು ರಬ್ಬಿಂಗ್ ಆಲ್ಕೋಹಾಲಿನಲ್ಲಿ ಒರೆಸಿ, ಬಟ್ಟೆ ಬೇರೆಯಾಗಿ ಒಗೆಯಿರಿ, ಷೂ ಲೇಸು ಮರೆಯಬೇಡಿ. ತುರಿಕೆ ಒಂದೆರಡು ದಿನ ಬಿಟ್ಟು ಶುರುವಾಗುತ್ತದೆ. ಗುಳ್ಳೆಯ ನೀರಿನಿಂದ ಅದು ಹರಡುವುದಿಲ್ಲ, ಆದರೆ ಕಣ್ಣು, ಮುಖ ಊದಿಕೊಂಡರೆ ಡಾಕ್ಟರ ಬಳಿ ಹೋಗಿ. ಹೊಗೆ ಕುಡಿದು ಉಸಿರಾಟಕ್ಕೆ ತೊಂದರೆಯಾದರೆ ಕಾಯದೆ ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿ.