ಹ್ಯಾರಿ ಪಾಟರ್ ನಾಟಕ ಸಪ್ಪೆ ಅನ್ನಿಸುತ್ತಿದ್ದರೆ

ಹ್ಯಾರಿ ಪಾಟರ್‌ನ ಏಳೂ ಪುಸ್ತಕ ಮೆಚ್ಚಿದ ನಿಮಗೆ 'ಕರ್ಸ್ಡ್ ಚೈಲ್ಡ್' ನಾಟಕ ಇಪ್ಪತ್ತು ಪುಟಕ್ಕೇ ಸಪ್ಪೆ ಅನ್ನಿಸಿದ್ದಕ್ಕೆ ಕಾರಣ, ಬಹುಶಃ ಅದನ್ನು ಕಾದಂಬರಿ ಥರ ಓದುತ್ತಿರುವುದು. 2016ರಲ್ಲಿ ಬಂದ ಈ ನಾಟಕ ಬರೆದವರು ಜ್ಯಾಕ್ ಥಾರ್ನ್. ಕಥೆ ಕಟ್ಟುವಾಗ ಆ ಏಳು ಪುಸ್ತಕಗಳ ಲೇಖಕಿ ರೌಲಿಂಗ್ ಜೊತೆಗಿದ್ದರು ನಿಜ, ಆದರೆ ಪುಟದಲ್ಲಿ ಅವರ ವರ್ಣನೆ ಇಲ್ಲ, ಇರುವುದು ಮಾತು ಮತ್ತು ಚಿಕ್ಕ ಚಿಕ್ಕ ರಂಗಸೂಚನೆ ಅಷ್ಟೇ.

ಮೊದಲು ಏಳನೇ ಪುಸ್ತಕದ ಕೊನೆಯ ಭಾಗ ಓದಿ. ಹತ್ತೊಂಬತ್ತು ವರ್ಷದ ನಂತರದ ಆ ರೈಲು ನಿಲ್ದಾಣದಿಂದಲೇ ನಾಟಕ ಶುರು. ಆಮೇಲೆ ನಾಲ್ಕನೇ ಪುಸ್ತಕದ ಟೂರ್ನಮೆಂಟ್ ಭಾಗಗಳನ್ನು ತಿರುವಿ ಹಾಕಿ, ಇದನ್ನು ಮಾತ್ರ ಬಿಡಬೇಡಿ, ಯಾಕಂದ್ರೆ ಹ್ಯಾರಿಯ ಮಗ ಆಲ್ಬಸ್ ಮತ್ತು ಅವನ ಗೆಳೆಯ ಸ್ಕಾರ್ಪಿಯಸ್ ಕಾಲದಲ್ಲಿ ಹಿಂದೆ ಹೋಗಿ ಬದಲಿಸಲು ನೋಡುವುದು ಅಲ್ಲಿನ ಘಟನೆಗಳನ್ನೇ.

ನಂತರ ಮತ್ತೆ ಮೊದಲಿಂದ ಶುರು ಮಾಡಿ. ಒಟ್ಟು 4 ಅಂಕ, ಒಂದು ಸಲಕ್ಕೆ ಒಂದು ಸಾಕು. ಮಾತುಗಳನ್ನು ಜೋರಾಗಿ ಓದಿ, ಸಾಧ್ಯವಾದರೆ ಇನ್ನೊಬ್ಬರ ಜೊತೆ. ಸೂಚನೆ ಬಂದಾಗ ನಿಂತು ದೃಶ್ಯ ಕಲ್ಪಿಸಿಕೊಳ್ಳಿ. ಶುರುವಿನಲ್ಲೇ ಒಂದು ದೃಶ್ಯ ವರ್ಷಗಳನ್ನು ಹಾರಿಸಿಬಿಡುತ್ತದೆ, ಅಲ್ಲಿ ನಿಧಾನ.

ಮಗನ ಮೇಲೆ ರೇಗುವ ಹ್ಯಾರಿ ನಿಮಗೆ ಒಪ್ಪಿಗೆಯಾಗ್ತಾನೋ ಇಲ್ವೋ ಹೇಳಲಾರೆ. ಆದರೆ ಸ್ಕಾರ್ಪಿಯಸ್‌ಗಾಗಿಯಾದರೂ ಎರಡನೇ ಅಂಕ ಮುಗಿಯುವವರೆಗೆ ಓದಿ, ಆಮೇಲೆ ಬಿಡಬೇಕೋ ಬೇಡವೋ ನೋಡಿ.