ಒಂದರ ಬೆನ್ನಿಗೇ ಇನ್ನೊಂದು ಟ್ರಾಮ್ ಬರುವುದೇಕೆ?

6 ನಿಮಿಷಕ್ಕೊಂದು ಬರಬೇಕಾದ ಟ್ರಾಮ್ (ಲೈಟ್ ರೈಲು) 12 ನಿಮಿಷ ಕಾಯಿಸಿ, ಆಮೇಲೆ ಎರಡು ಒಟ್ಟಿಗೆ ಬರುವುದೇಕೆ ಅಂತ ಕೇಳಿದ್ದೀರಿ. ಚಾಲಕರ ಸೋಮಾರಿತನವಲ್ಲ, ಲೆಕ್ಕ ಹಾಗಿದೆ.

ಎರಡರಲ್ಲಿ ಮುಂದೆ ಓಡುತ್ತಿರುವ ಗಾಡಿ 2 ನಿಮಿಷ ತಡವಾಯಿತು ಅಂದುಕೊಳ್ಳಿ. ನಿಲ್ದಾಣದಲ್ಲಿ ಈಗ 8 ನಿಮಿಷದ ಜನ, ಅಂದರೆ ಮೂರನೇ ಒಂದು ಪಾಲು ಹೆಚ್ಚು. ಹತ್ತಿಸಿಕೊಳ್ಳಲು ಹೊತ್ತು ಹಿಡಿಯುತ್ತದೆ, ಬಾಗಿಲು ಮುಚ್ಚುವಷ್ಟರಲ್ಲಿ ಹಸಿರು ದೀಪ ಹೋಗಿರುತ್ತದೆ. 90 ಸೆಕೆಂಡಿನ ಸಿಗ್ನಲ್ ಆವರ್ತನೆಯಲ್ಲಿ 5 ಸೆಕೆಂಡು ತಪ್ಪಿದರೂ ಒಂದು ನಿಮಿಷದ ಹತ್ತಿರ ಹೋಯಿತು. ಅದರ ಹಿಂದೆ ಬರುವುದಕ್ಕೆ ಬರೀ 4 ನಿಮಿಷದ ಜನ, ಅದು ಸರಸರನೆ ಬಂದು ಬೆನ್ನು ಹತ್ತುತ್ತದೆ. ಬಸ್ಸಾದರೆ ಪಕ್ಕಕ್ಕೆ ಸರಿದು ಮುಂದೆ ಹೋಗಬಹುದು, ಹಳಿ ಮೇಲೆ ಆ ಆಟ ನಡೆಯದು.

ಇದನ್ನು ತಡೆಯಲು ಟ್ರಾಮಿಗೆ ಪ್ರತ್ಯೇಕ ಪಥವೊಂದೇ ಸಾಲದು. ನಿಲ್ದಾಣ ಕೂಡುರಸ್ತೆ ದಾಟಿದ ಮೇಲಿದ್ದರೆ ಸಿಗ್ನಲ್ ಆದ್ಯತೆ (ಗಾಡಿ ಬರುವುದನ್ನು ಅರಿತು ಅದಕ್ಕೆ ಹಸಿರು ದೀಪ ಕೊಡುವುದು) ಚೆನ್ನಾಗಿ ಕೆಲಸ ಮಾಡುತ್ತದೆ. ಮೊದಲೇ ಇದ್ದರೆ ಗಾಡಿ ಯಾವಾಗ ಹೊರಡುತ್ತದೆಂದು ಸಿಗ್ನಲ್‌ಗೆ ಅಂದಾಜು ಸಿಗುವುದಿಲ್ಲ. ಎಲ್ಲ ಬಾಗಿಲಲ್ಲೂ ಹತ್ತಲು ಬಿಡುವುದು, ಟಿಕೆಟನ್ನು ಪ್ಲಾಟ್‌ಫಾರ್ಮಿನಲ್ಲೇ ಕೊಡುವುದು ಇದಕ್ಕಿಂತ ಅಗ್ಗದ ಮದ್ದು. ಅಂತರ ಸರಿಯಾಗಲೆಂದು ಹಿಂದೆ ಬರುವ ಗಾಡಿಯನ್ನು ಬೇಕೆಂದೇ ತಡೆಹಿಡಿಯುವುದೂ ಉಂಟು (ಒಳಗಿದ್ದವರು ಬೈಯುತ್ತಾರೆ, ಆದರೆ ಅದೇ ಸರಿ).

ನಿಮಗಾದರೆ, ಎರಡನೆಯದನ್ನೇ ಹತ್ತಿ, ಸಾಮಾನ್ಯವಾಗಿ ಸೀಟಿರುತ್ತದೆ. ಹಣೆಫಲಕ (ಗಾಡಿ ಎಲ್ಲಿಯವರೆಗೆ ಹೋಗುತ್ತದೆಂದು ಮುಂದೆ ತೋರಿಸುವ ಬೋರ್ಡು) ಮಾತ್ರ ನೋಡಿಕೊಳ್ಳಿ, ಕೆಲವೊಮ್ಮೆ ಅದನ್ನು ಅರ್ಧದಾರಿಯಲ್ಲೇ ತಿರುಗಿಸಿಬಿಡುತ್ತಾರೆ.